ಹನಿಯಣ್ಣನ ಎಡಗೈ

ಹನಿಯಣ್ಣನ ಮನೆಯಲ್ಲಿ ಗೋಡೆಗಳಿಗಿಂತ ಗೋಡೆ ಗಡಿಯಾರಗಳೇ ಹೆಚ್ಚು. ಮುಂದಿನ ಕೋಣೆಯಲ್ಲಿ ಮೂರು, ಅಡುಗೆಮನೆಯಲ್ಲೊಂದು, ಮಲಗುವ ಕೋಣೆಯಲ್ಲಿ ಎದುರುಬದುರಾಗಿ ಎರಡು, ಬಚ್ಚಲುಮನೆಯ ಬಾಗಿಲ ಮೇಲೊಂದು. ಒಂದು ಹೇಳಿದ ಹೊತ್ತನ್ನು ಇನ್ನೊಂದು ಒಪ್ಪುವುದಿಲ್ಲ. ಗಂಟೆ ಎಷ್ಟೆಂದು ಯಾರಾದರೂ ಕೇಳಿದರೆ ಅವನ ಹೆಂಡತಿ, "ಯಾವ ಕೋಣೇದು ಬೇಕು?" ಎನ್ನುತ್ತಾಳೆ. ಎಲ್ಲವೂ ಬಸ್ ಡಿಪೋ ಕೊಟ್ಟ ಬಹುಮಾನಗಳು. ವರ್ಷದಲ್ಲಿ ಎಲ್ಲರಿಗಿಂತ ಕಡಿಮೆ ಡೀಸೆಲ್ ಸುಟ್ಟ ಚಾಲಕನಿಗೆ ಡಿಪೋದವರು ಒಂದು ಗೋಡೆ ಗಡಿಯಾರ ಕೊಡುತ್ತಿದ್ದರು. ಬೇರೆ ಏನನ್ನಾದರೂ ಕೊಡಬಹುದೆಂಬ ಯೋಚನೆ ಯಾರಿಗೂ ಬಂದಂತಿಲ್ಲ. ಬಹುಮಾನ ಹೆಚ್ಚುಕಮ್ಮಿ ಯಾವಾಗಲೂ ಇವನಿಗೇ ಹೋಗುತ್ತಿತ್ತು. ಹೆಸರು ಬಂದದ್ದೂ ಅದರಿಂದಲೇ. ಡೀಸೆಲ್ ತುಂಬಿಸಿದ ಮೇಲೆ ಪೈಪಿನ ತುದಿಯಲ್ಲಿ ಉಳಿದ ಹನಿಯನ್ನೂ ಟ್ಯಾಂಕಿಗೆ ಕೊಡವಿಕೊಳ್ಳುತ್ತಾನೆಂದು ಡಿಪೋದ ಪಂಪಿನವನು ಒಮ್ಮೆ ಹನಿಯಣ್ಣ ಎಂದ. ಆಮೇಲೆ ಅವನ ನಿಜವಾದ ಹೆಸರು ಸಂಬಳದ ಚೀಟಿಗಷ್ಟೇ ಬೇಕಾಯಿತು.

ಅವನದು ಗುಡ್ಡದ ಲೈನು. ಬಸ್ಸು ಕೆಳಗಿನ ರೈಲು ನಿಲ್ದಾಣದಿಂದ ಹೊರಟು ಮಾರುಕಟ್ಟೆ, ಆಸ್ಪತ್ರೆಗಳನ್ನು ದಾಟಿ, ನಾವಿರುವ ಗುಡ್ಡದ ಬೀದಿಗಳನ್ನು ಸುತ್ತುತ್ತ ಹತ್ತಿ, ತುದಿಯಲ್ಲಿರುವ ನೀರಿನ ಟ್ಯಾಂಕಿನ ಬಳಿ ತಿರುಗಿ ಅದೇ ದಾರಿಯಲ್ಲಿ ಇಳಿಯುತ್ತದೆ. ಡೀಸೆಲ್ ಬಸ್ಸು ಹತ್ತುವಾಗಿನ ಆರ್ಭಟ ಮೂರು ಬೀದಿಯಾಚೆಗೆ ಕೇಳುತ್ತಿತ್ತು. ಸದ್ದು ಕೇಳಿದ ಮೇಲೆ ಚಪ್ಪಲಿ ಹುಡುಕಲು ಎದ್ದರೂ ಬಸ್ಸು ಸಿಗುತ್ತಿತ್ತು. ಹೊಗೆಯೂ ಅಷ್ಟೇ ಧಾರಾಳ. ಬೆಳಿಗ್ಗೆ ಒರೆಸಿದ ಕಿಟಕಿಯ ಅಂಚು ಮಧ್ಯಾಹ್ನಕ್ಕೆ ಮಸಿ ಹಿಡಿಯುತ್ತಿತ್ತು.

ಇಳಿಯುವಾಗ ಮಾತ್ರ ಬಸ್ಸಿನ ಸದ್ದು ಥಟ್ಟನೆ ಅಡಗುತ್ತಿತ್ತು. ಇಳಿಜಾರು ಬಂದ ಕೂಡಲೇ ಹನಿಯಣ್ಣ ಎಡಗೈಯಿಂದ ಗೇರಿನ ಕೋಲನ್ನು ನ್ಯೂಟ್ರಲ್ಲಿಗೆ ತಳ್ಳುತ್ತಿದ್ದ. ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದು ಬಸ್ಸು ತನ್ನ ಭಾರದಿಂದಲೇ ಜಾರಿಕೊಂಡು ಹೋಗುತ್ತಿತ್ತು, ಡೀಸೆಲ್ ಉಳಿಯುತ್ತಿತ್ತು. ಇದು ನಿಯಮಕ್ಕೆ ವಿರುದ್ಧ. ಅಪಾಯವೂ ಹೌದು, ಏಕೆಂದರೆ ಅಷ್ಟು ಭಾರವನ್ನು ಹಿಡಿದು ನಿಲ್ಲಿಸಲು ಬ್ರೇಕೊಂದೇ ಉಳಿಯುತ್ತದೆ. ಹಾಗೆ ಮಾಡಬಾರದೆಂದು ಡಿಪೋದ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿತ್ತು. ಅದೇ ಗೋಡೆಯ ಮುಂದೆ ನಿಲ್ಲಿಸಿ ಅವನಿಗೆ ಗಡಿಯಾರ ಕೊಡುತ್ತಿದ್ದರು. ಸಂಸ್ಥೆಗಳು ನಡೆಯುವುದೇ ಹೀಗೆ.

ಹೆಂಡತಿಯನ್ನು ಡಿಪೋದಲ್ಲಿ ರೈಟಕ್ಕ ಎಂದು ಕರೆಯುತ್ತಾರೆ. ಅವಳು ಅದೇ ಬಸ್ಸಿನ ಕಂಡಕ್ಟರಾಗಿದ್ದಳು. ಅವಳು "ರೈಟ್, ರೈಟ್" ಎಂದು ಕೂಗಿದರೆ ಪಕ್ಕದ ಲೈನಿನ ಬಸ್ಸೂ ಹೊರಟುಬಿಡುತ್ತದೆಂದು ಆಡಿಕೊಳ್ಳುತ್ತಿದ್ದರು. ಮದುವೆ ಕುದುರಿದ್ದು ಆ ಬಸ್ಸಿನಲ್ಲೇ. ಚಾಲಕನ ಹಿಂದಿನ ಒಂಟಿ ಸೀಟಿನಲ್ಲಿ ಕೂತು ಅವನ ಕುತ್ತಿಗೆಯನ್ನು ನೋಡಿ ನೋಡಿ ಸಾಕಾಗಿ, ಮುಖ ಹೇಗಿದೆ ನೋಡೋಣವೆಂದು ಒಪ್ಪಿಕೊಂಡೆ ಎಂದು ಅವಳು ಹೇಳುತ್ತಾಳೆ. ಟಿಕೆಟ್ಟಿನ ಬದಲು ಕಾರ್ಡು ತೋರಿಸುವ ಯಂತ್ರ ಬಂದ ಮೇಲೆ ಕಂಡಕ್ಟರುಗಳನ್ನು ಬೇರೆ ಬೇರೆ ಕಡೆಗೆ ಹಂಚಿದರು. ರೈಟಕ್ಕನ ಪಾಲಿಗೆ ಬಂದದ್ದು ಪ್ರಯಾಣಿಕರು ಮರೆತು ಹೋದ ಸಾಮಾನುಗಳ ಕೋಣೆ. ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿ, ಕನ್ನಡಕ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು. "ಹಲ್ಲು ಬಿಟ್ಟು ಹೋದೋರು ಮನೇಲಿ ಹೇಗೆ ಊಟ ಮಾಡ್ತಾರೋ" ಎಂದು ಬಹಳ ದಿನ ಯೋಚನೆ ಮಾಡಿದಳು.

ವಿದ್ಯುತ್ ಬಸ್ಸುಗಳು ಬಂದದ್ದು ಆಮೇಲೆ. ಮೊದಲು ಬಯಲಿನ ಲೈನುಗಳಿಗೆ, ಕೊನೆಗೆ ಗುಡ್ಡಕ್ಕೆ. ವರ್ಷ ಮುಗಿಯುವ ಹೊತ್ತಿಗೆ ಡೀಸೆಲ್ ಬಸ್ಸು ಒಂದೂ ಉಳಿಯುವುದಿಲ್ಲ ಎಂದು ತೀರ್ಮಾನವಾಗಿತ್ತು. ಹೊಸ ಬಸ್ಸು ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ಸದ್ದಿಗಾಗಿ ಕಾದು ಬಸ್ಸು ತಪ್ಪಿಸಿಕೊಂಡವರೆಲ್ಲ ಬೈದರು. ಕಿಟಕಿ ಒರೆಸುವ ಬಟ್ಟೆ ಬೆಳ್ಳಗೇ ಉಳಿಯತೊಡಗಿದ ಮೇಲೆ ಬೈಗುಳ ಕಡಿಮೆಯಾಯಿತು.

ಚಾಲಕರಿಗೆ ಆ ಬಸ್ಸಿನಲ್ಲಿ ಕ್ಲಚ್ಚಿಲ್ಲ, ಗೇರಿನ ಕೋಲಿಲ್ಲ. ಎದುರಿನ ಹಲಗೆಯ ಮೇಲೆ ಮೂರು ಗುಂಡಿಗಳಿವೆ: ಮುಂದಕ್ಕೆ, ಹಿಂದಕ್ಕೆ, ಮತ್ತು ನಡುವೆ ನ್ಯೂಟ್ರಲ್. ಎಡಗಾಲಿಗೂ ಎಡಗೈಗೂ ಪಿಂಚಣಿ ಸಿಕ್ಕಿತು ಎಂದು ಡಿಪೋದಲ್ಲಿ ನಗಾಡಿದರು. ತರಬೇತಿ ಕೊಡಲು ಒಬ್ಬ ಎಂಜಿನಿಯರ್ ಹುಡುಗಿ ಬಂದಳು. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮೋಟಾರು ತಿರುಗುಮುರುಗಾಗಿ ಕೆಲಸ ಮಾಡಿ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ, ಹತ್ತುವಾಗ ಖರ್ಚಾದದ್ದರಲ್ಲಿ ಒಂದು ಪಾಲು ಇಳಿಯುವಾಗ ವಾಪಸ್ಸು ಬರುತ್ತದೆ ಎಂದು ಅವಳು ವಿವರಿಸಿದಳು.

"ಇಳಿಯೋವಾಗ ತುಂಬುತ್ತಾ? ಕಿವಿಗೆ ಹೂ ಇಡಬೇಡಿ ಮೇಡಂ" ಎಂದ ಹನಿಯಣ್ಣ.

ಅವಳು ಅವನನ್ನೇ ಕೂರಿಸಿಕೊಂಡು ಗುಡ್ಡ ಇಳಿಸಿ, ಪರದೆಯ ಮೇಲೆ ಹಸಿರು ಪಟ್ಟಿ ಏರುವುದನ್ನು ತೋರಿಸಿದಳು. ಅವನು ಬಾಯಿಬಿಟ್ಟು ನೋಡಿದ. ಮನೆಗೆ ಬಂದು ಹೆಂಡತಿಗೆ, "ಇಷ್ಟು ವರ್ಷ ಆ ಇಳಿಜಾರು ದಂಡ ಆಗಿ ಹೋಯ್ತಲ್ಲೇ" ಎಂದು ಹೇಳಿದ. ಹನಿ ಉಳಿಸುವವನಿಗೆ ಹನಿ ಹುಟ್ಟುವ ಜಾಗ ಸಿಕ್ಕಿದ ಹಾಗಾಗಿತ್ತು.

ಆದರೆ ಅವನ ಬಸ್ಸಿನ ಬ್ಯಾಟರಿ ದಿನವೂ ಸಂಜೆಗೆ ಮೊದಲೇ ಬರಿದಾಗತೊಡಗಿತು.

ಒಂದು ಸಲ ತುಂಬಿಸಿದ ಚಾರ್ಜಿನಲ್ಲಿ ಇಡೀ ದಿನದ ಸುತ್ತುಗಳನ್ನು ಮುಗಿಸಬೇಕು. ಪರೀಕ್ಷೆಯ ಅವಧಿಯಲ್ಲಿ ಅದನ್ನು ಮಾಡಿ ತೋರಿಸದ ಚಾಲಕರು ಬಸ್ಸು ಬಿಟ್ಟು ಅಂಗಳದ ಕೆಲಸಕ್ಕೆ ಹೋಗಬೇಕು. ಅಂಗಳದ ಕೆಲಸವೆಂದರೆ ನಿಂತ ಬಸ್ಸು ತೊಳೆಯುವುದು, ಸಾಲಾಗಿ ನಿಲ್ಲಿಸುವುದು, ಚಾರ್ಜಿನ ಕೇಬಲ್ಲು ಸಿಕ್ಕಿಸುವುದು. ಅದೇ ಲೈನಿನಲ್ಲಿ ಓಡಿಸುವ ಬೇರೆ ಚಾಲಕರು ಸ್ವಲ್ಪ ಉಳಿಸಿಕೊಂಡೇ ಬರುತ್ತಿದ್ದರು. ಹನಿಯಣ್ಣ ಮಾತ್ರ ಕೊನೆಯ ಸುತ್ತಿಗೆ ಬೇರೆ ಬಸ್ಸು ಕೇಳಿಕೊಳ್ಳಬೇಕಾಗುತ್ತಿತ್ತು. ಮೊದಲು ಬ್ಯಾಟರಿಯ ಮೇಲೆ ಅನುಮಾನ ಬಂತು. ಪರೀಕ್ಷಿಸಿದರು, ಸರಿಯಾಗಿತ್ತು. ಬಸ್ಸು ಬದಲಾಯಿಸಿದರು. ಹೊಸ ಬಸ್ಸಿಗೂ ಅದೇ ರೋಗ ಹತ್ತಿತು.

ಒಂದು ಸಂಜೆ ಬಸ್ಸು ಆಸ್ಪತ್ರೆಯ ಮೇಲಿನ ಏರಿನಲ್ಲಿ, ಜನ ತುಂಬಿರುವಾಗಲೇ, ಪರದೆಯ ಮೇಲೆ ಕೆಂಪು ದೀಪ ಬೆಳಗಿಸಿ ನಿಂತುಬಿಟ್ಟಿತು. ಚೀಲ ಹೊತ್ತವರು, ಮಕ್ಕಳನ್ನು ಎತ್ತಿಕೊಂಡವರು ಒಬ್ಬೊಬ್ಬರಾಗಿ ಇಳಿದು ಗುಡ್ಡ ಹತ್ತತೊಡಗಿದರು.

"ಏನ್ ಹನಿಯಣ್ಣ, ಒಂದು ಹನಿನೂ ಉಳಿಸ್ಲಿಲ್ವಾ?" ಎಂದ ಒಬ್ಬ.

"ಬಿಡ್ರಪ್ಪ, ಗಡಿಯಾರಕ್ಕೆ ಕೀ ಕೊಡೋಕೆ ಮನೆಗೆ ತಗೊಂಡು ಹೋಗಿರ್ತಾನೆ" ಎಂದ ಇನ್ನೊಬ್ಬ.

ಹನಿಯಣ್ಣ ಸ್ಟೇರಿಂಗಿನ ಮುಂದೆಯೇ ಕೂತಿದ್ದ. ಎಳೆದುಕೊಂಡು ಹೋಗುವ ಗಾಡಿ ಬರುವವರೆಗೂ ಇಳಿಯಲಿಲ್ಲ.

ಮರುದಿನ ಮ್ಯಾನೇಜರು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಆದರೆ ಕಾರಣವಿಲ್ಲದೆ ಏನೂ ಆಗುವುದಿಲ್ಲವೆಂದು ನಂಬಿದವರು, ಮತ್ತು ಸಾಮಾನ್ಯವಾಗಿ ಮೊದಲು ಹೊಳೆದ ಕಾರಣವನ್ನೇ ಹಿಡಿದುಕೊಳ್ಳುವವರು. ಎಂಜಿನಿಯರ್ ಹುಡುಗಿಯೂ ಅಲ್ಲಿದ್ದಳು.

"ಮೇಲೆ ಟ್ಯಾಂಕಿನ ಹತ್ರ ಬಸ್ಸು ನಿಲ್ಲಿಸಿದಾಗ ಆಫ್ ಮಾಡ್ತೀರೋ ಇಲ್ವೋ?"

"ಮಾಡ್ತೀನಿ ಸಾರ್."

"ಏಸಿ ಹಾಕ್ಕೊಂಡು ಮಲಗಲ್ಲ ತಾನೆ? ನಿಜ ಹೇಳಿ. ಮಲಗಿದ್ರೆ ಹೇಳಿಬಿಡಿ, ಎಚ್ಚರಿಕೆ ಕೊಟ್ಟು ಮುಗಿಸ್ತೀನಿ."

"ಸಾರ್, ನಮ್ಮನೇಲಿ ಏಳು ಗಡಿಯಾರ ಇದೆ" ಎಂದ ಹನಿಯಣ್ಣ.

"ಅದಕ್ಕೆ?"

"ಮಲಗೋನಿಗೆ ಯಾರಾದ್ರೂ ಅಷ್ಟು ಗಡಿಯಾರ ಕೊಡ್ತಾರಾ ಸಾರ್?"

"ಕೊಟ್ಟಿದ್ದು ಹಳೇ ಮ್ಯಾನೇಜರು" ಎಂದರು ಇವರು. "ನೋಡಿ, ನಿಮ್ಮ ಅವಧಿ ಶನಿವಾರಕ್ಕೆ ಮುಗಿಯುತ್ತೆ. ಶನಿವಾರ ಪೂರ್ತಿ ದಿನ ಓಡಿಸಿ, ಸಂಜೆ ಬಸ್ಸನ್ನ ಅದರ ಕಾಲ ಮೇಲೇ ಡಿಪೋಗೆ ತಗೊಂಡು ಬನ್ನಿ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ."

ಹೊರಗೆ ಬಂದ ಮೇಲೆ ಎಂಜಿನಿಯರ್ ಹುಡುಗಿ ಅವನ ಜೊತೆ ನಡೆದಳು. ಅವಳು ಎರಡು ಸಲ ಅವನ ಪಕ್ಕ ಕೂತು ಗುಡ್ಡ ಸುತ್ತಿ ಬಂದಿದ್ದಳು. ಎರಡು ಸಲವೂ ಅವನು ಪಾಠ ಒಪ್ಪಿಸುವ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳಲ್ಲಿ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ಓಡಿಸಿದ್ದ. ಲೆಕ್ಕ ಅಚ್ಚುಕಟ್ಟಾಗಿ ಬಂದಿತ್ತು.

"ನಾನು ಕೂತಾಗ ಇಡೀ ಡಿಪೋದಲ್ಲಿ ನಿಮ್ಮಷ್ಟು ಚೆನ್ನಾಗಿ ಓಡಿಸೋರು ಇಲ್ಲ ಅಂಕಲ್. ನಾನು ಇಳಿದ ಮೇಲೆ ಏನಾಗುತ್ತೆ?"

"ನನಗೂ ಅದೇ ಅರ್ಥ ಆಗ್ತಿಲ್ಲಮ್ಮ. ನೀವು ಇಳಿದ್ರೆ ಭಾರ ಕಡಿಮೆ ಆಗ್ಬೇಕಿತ್ತಲ್ಲ."

ಅವಳಿಗೆ ನಗು ಬಂತು. ಆದರೆ ಅವನು ತಮಾಷೆ ಮಾಡುತ್ತಿರಲಿಲ್ಲ.

ಆ ಸಂಜೆ ಮನೆಯಲ್ಲಿ ಹನಿಯಣ್ಣ ಊಟ ಮಾಡಲಿಲ್ಲ. ರೈಟಕ್ಕ ತಟ್ಟೆಯನ್ನು ಎರಡು ಸಲ ಅವನ ಮುಂದಕ್ಕೆ ತಳ್ಳಿದಳು.

"ಅಂಗಳದ ಕೆಲಸ ಅಂದ್ರೆ ಏನ್ ಜೈಲಾ? ತೊಳೆಯೋದೂ ಕೆಲಸಾನೇ. ಬಸ್ಸಿಗೂ ಸ್ನಾನ ಬೇಡ್ವಾ?"

"ಹೌದು" ಎಂದ ಅವನು. "ಛತ್ರಿ ಜೋಡಿಸೋದೂ ಕೆಲಸಾನೇ. ನೀನು ಖುಷಿಯಾಗಿದ್ದೀಯಾ?"

ರೈಟಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆ ಕೋಣೆಗೆ ಹೋದ ಮೇಲೆ ಜನರ ಮುಖ ನೋಡುವುದೇ ಕಡಿಮೆಯಾಗಿದೆ, ಬರುವವರೂ ಸಾಮಾನು ಕಳೆದುಕೊಂಡ ಸಿಟ್ಟಿನಲ್ಲಿ ಬರುತ್ತಾರೆ ಎಂದು ಅವಳು ಅದೇ ಬಸ್ಸಿನಲ್ಲಿ ಓಡಾಡುವ ನನ್ನ ಹತ್ತಿರ ಒಮ್ಮೆ ಹೇಳಿದ್ದಳು. ಗಂಡನ ಹತ್ತಿರ ಹೇಳಿರಲಿಲ್ಲ. ಹೇಳದೆಯೂ ಅವನಿಗೆ ಗೊತ್ತಿತ್ತೆಂದು ಅವಳಿಗೆ ಆ ಹೊತ್ತಿಗೆ ತಿಳಿಯಿತು.

ಮರುದಿನ ಅವಳು ರಜೆ ಹಾಕಿ, ಮಾರುಕಟ್ಟೆಯ ನಿಲ್ದಾಣದಲ್ಲಿ ಎಲ್ಲರಂತೆ ಕಾರ್ಡು ತೋರಿಸಿ ಗಂಡನ ಬಸ್ಸು ಹತ್ತಿದಳು. ಚಾಲಕನ ಹಿಂದಿನ ಒಂಟಿ ಸೀಟು ಹೊಸ ಬಸ್ಸಿನಲ್ಲೂ ಇತ್ತು. ಅಲ್ಲಿ ಕೂತಿದ್ದ ಕಾಲೇಜು ಹುಡುಗನನ್ನು, "ಏಳಪ್ಪ, ಇದು ನಂದು" ಎಂದು ಎಬ್ಬಿಸಿದಳು. ಅವನು ಯಾಕೆಂದು ಕೇಳುವ ಧೈರ್ಯ ಮಾಡಲಿಲ್ಲ.

"ಏನು, ಪತ್ತೇದಾರಿ ಕೆಲಸಾನಾ?" ಎಂದ ಹನಿಯಣ್ಣ ಕನ್ನಡಿಯಲ್ಲಿ ನೋಡಿ.

"ಹೂಂ. ನೀವು ಮೇಲೆ ಹೋಗಿ ಯಾರ ಜೊತೆ ಮಲಗ್ತೀರೋ ನೋಡೋಣ ಅಂತ ಬಂದೆ."

ಬಸ್ಸಿನಲ್ಲಿದ್ದವರು ನಕ್ಕರು. ಅವನೂ ನಕ್ಕ, ಬಹುಶಃ ಆ ವಾರದಲ್ಲಿ ಮೊದಲ ಸಲ. ಬಸ್ಸು ಏರು ಹತ್ತಿತು. ಅವಳು ಹಿಂದಿನಿಂದ ಮಾತಾಡುತ್ತಲೇ ಇದ್ದಳು: ಮನೆಯ ನಲ್ಲಿ ಸೋರುವುದು, ತಂಗಿಯ ಮಗಳ ಪರೀಕ್ಷೆ, ಯಾರೋ ಬಿಟ್ಟುಹೋದ ಊಟದ ಡಬ್ಬಿಯಲ್ಲಿ ಇಡೀ ವಾರದ ವಾಸನೆ. ಅವನು ಹೂಂ, ಹೂಂ ಎನ್ನುತ್ತಿದ್ದ. ಭುಜಗಳು ಸಡಿಲವಾಗಿದ್ದವು. ಡಿಪೋದವರು ಬೇರೆ ಯಾರು ಹತ್ತಿರ ಕೂತರೂ ಅವನಿಗೆ ಅದು ಪರೀಕ್ಷೆ. ಇವಳು ಕೂತರೆ ಬರೀ ಬಸ್ಸು. ಟ್ಯಾಂಕಿನ ಬಳಿ ಬಸ್ಸನ್ನು ಆಫ್ ಮಾಡಿದ, ಕೆಳಗಿಳಿದು ಕಾಲು ಝಾಡಿಸಿದ, ಮತ್ತೆ ಹೊರಟ. ಮಲಗಲಿಲ್ಲ, ಏಸಿ ಹಾಕಲಿಲ್ಲ.

ಮೊದಲ ಇಳಿಜಾರು ಬಂತು. ರೈಟಕ್ಕ ನಲ್ಲಿಯ ವಿಷಯದಲ್ಲೇ ಇದ್ದಳು. ನಡುವೆ ಅವಳಿಗೆ ಸೀಟಿನ ಕೆಳಗೆ ಏನೋ ಬಿಟ್ಟುಕೊಂಡ ಹಾಗಾಯಿತು. ಹಿಡಿದಿದ್ದ ಕೈಯನ್ನು ಯಾರೋ ಬಿಟ್ಟ ಹಾಗೆ ಬಸ್ಸು ಹಗುರವಾಗಿ ಜಾರತೊಡಗಿತು. ಹಳೆಯ ಬಸ್ಸಿನಲ್ಲಿ ಅವಳ ಮೈಗೆ ಒಗ್ಗಿಹೋಗಿದ್ದ ಜಾರಾಟ ಅದು. ಅವಳು ಮಾತು ನಿಲ್ಲಿಸಿದಳು.

"ಈಗೇನು ಒತ್ತಿದ್ರಿ?"

"ಎಲ್ಲಿ?"

"ಅಲ್ಲಿ. ಎಡಗೈಲಿ."

"ಏನೂ ಒತ್ತಿಲ್ಲ. ಚಾಲಕನ ಜೊತೆ ಮಾತಾಡಬಾರದು ಅಂತ ಬರೆದಿದೆ ನೋಡು. ಸುಮ್ನೆ ಕೂತ್ಕೋ."

ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಹೆಂಗಸು, "ಒತ್ತಿದ್ರಪ್ಪ, ನಾನೂ ನೋಡ್ದೆ" ಎಂದಳು.

"ನೀವೂ ಶುರು ಮಾಡಿದ್ರಾ?"

ಇಳಿಜಾರು ಮುಗಿದ ಕಡೆ ಅವನ ಎಡಗೈ ಮತ್ತೆ ಮೇಲೆದ್ದು, 'ಮುಂದಕ್ಕೆ' ಎಂಬ ಗುಂಡಿಯನ್ನು ಒತ್ತಿ, ತೊಡೆಯ ಮೇಲೆ ಬಂದು ಕೂತಿತು. ರೈಟಕ್ಕ ಆಸ್ಪತ್ರೆಯ ಇಳಿಜಾರಿನವರೆಗೆ ಕಾದಳು. ಅಲ್ಲಿ ರಸ್ತೆ ಬಾಗುತ್ತಿದ್ದಂತೆಯೇ, "ರೀ, ಕೈ ನೋಡ್ಕೊಳ್ಳಿ" ಎಂದಳು.

ಅವನು ನೋಡಿದ. ಬೆರಳು ಆಗಲೇ ನ್ಯೂಟ್ರಲ್ ಗುಂಡಿಯ ಮೇಲಿತ್ತು. ಬೇರೆ ಯಾರೋ ಬಂದು ತನ್ನ ಮೈಗೆ ಅಂಟಿಸಿ ಹೋದ ಬೆರಳೆಂಬಂತೆ ಅದನ್ನು ದಿಟ್ಟಿಸಿ, ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡ. ಪರದೆಯ ಮೇಲೆ ಹಸಿರು ಪಟ್ಟಿ ಏರತೊಡಗಿತು.

"ಯಾವಾಗಿಂದ ಹೀಗೆ?" ಎಂದ. ತನ್ನನ್ನೇ ಕೇಳಿಕೊಂಡಂತಿತ್ತು.

"ನಮ್ಮ ಮದುವೆಗೆ ಮೊದಲಿಂದ" ಎಂದಳು ರೈಟಕ್ಕ.

ಅವಳಿಗೆ ಅದರಿಂದ ಬ್ಯಾಟರಿಗೆ ಏನಾಗುತ್ತದೆಂದು ಗೊತ್ತಿರಲಿಲ್ಲ. ಎಂಜಿನಿಯರ್ ಹುಡುಗಿಯ ಮುಂದೆ ಗಂಡನನ್ನು ನಿಲ್ಲಿಸಿ, ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಹುಡುಗಿ ಕುರ್ಚಿ ಎಳೆದುಕೊಂಡಳು. ಆಮೇಲೆ ಕಂಪ್ಯೂಟರಿಗೆ ಏನೋ ಟೈಪು ಮಾಡಿದಳು. ಬಸ್ಸಿನ ಯಂತ್ರ ಪ್ರತಿಯೊಂದನ್ನೂ ನೆನಪಿಟ್ಟುಕೊಳ್ಳುತ್ತಿತ್ತು. ಆದರೆ ಕೇಳಿದ್ದನ್ನಷ್ಟೇ ಹೇಳುತ್ತಿತ್ತು. ಗೇರಿನ ವಿಷಯ ಯಾರೂ ಕೇಳಿರಲಿಲ್ಲ. ಈಗ ಕೇಳಿದ್ದಕ್ಕೆ ಪರದೆಯ ತುಂಬ ತೋರಿಸಿತು: ಇಳಿಜಾರು ಬಂದಾಗಲೆಲ್ಲ ನ್ಯೂಟ್ರಲ್. ಅವಳು ಪಕ್ಕ ಕೂತಿದ್ದ ಎರಡು ಸುತ್ತುಗಳಲ್ಲಿ ಮಾತ್ರ ಇಲ್ಲ.

ಹುಡುಗಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು.

"ಬ್ಯಾಟರಿ ಇಳಿಸಿದೆ, ಮೋಟಾರ್ ಬಿಚ್ಚಿಸಿದೆ, ಕಂಪನಿಯೋರ ಹತ್ರ ಜಗಳ ಆಡಿದೆ. ಓಡೋ ಬಸ್ಸನ್ನ ಯಾರಾದ್ರೂ ನ್ಯೂಟ್ರಲ್‌ಗೆ ಹಾಕ್ತಾರೆ ಅಂತ ನನ್ನ ತಲೆಗೇ ಹೊಳೀಲಿಲ್ಲ."

"ಹಾಕಿದ್ದಕ್ಕೇ ಗಡಿಯಾರ ಕೊಡ್ತಿದ್ರು" ಎಂದಳು ರೈಟಕ್ಕ.

"ನ್ಯೂಟ್ರಲ್‌ನಲ್ಲಿ ಚಕ್ರಕ್ಕೂ ಮೋಟಾರಿಗೂ ಸಂಬಂಧ ಇರಲ್ಲ ಅಂಕಲ್. ವಾಪಸ್ ಬರಬೇಕಾದ್ದು ಬರಲ್ಲ. ನೀವು ಬ್ರೇಕ್ ಹಾಕಿ ಅದನ್ನೆಲ್ಲ ಬಿಸಿ ಮಾಡಿ ಗಾಳಿಗೆ ಬಿಟ್ಟಿದ್ದೀರಿ."

ಮಲಗುತ್ತೀರಾ ಎಂದು ಮ್ಯಾನೇಜರು ಕೇಳಿದಾಗ ಸಹಿಸಿಕೊಂಡಿದ್ದ ಹನಿಯಣ್ಣನಿಗೆ ಈ ಮಾತು ನೇರವಾಗಿ ತಾಗಿತು. "ಹಾಗಾದ್ರೆ ಇಷ್ಟು ದಿನ ಚೆಲ್ಲಿದ್ದು ನಾನೇ" ಎಂದು ಅಲ್ಲಿದ್ದ ಸ್ಟೂಲಿನ ಮೇಲೆ ಕೂತ. ಇಳಿಜಾರಿನಲ್ಲಿ ವಿದ್ಯುತ್ ಹುಟ್ಟುತ್ತದೆಂದು ಅವನಿಗೆ ಗೊತ್ತಿತ್ತು, ನಂಬಿಯೂ ಇದ್ದ. ಗೊತ್ತಿದ್ದದ್ದು ತಲೆಗೆ. ಕೈ ತನ್ನ ಪಾಡಿಗೆ ಉಳಿತಾಯ ಮಾಡುತ್ತಲೇ ಇತ್ತು. ಊರಿನ ಸಾರಿಗೆ ಬದಲಾಗಬೇಕು ಎನ್ನುವಾಗ ನಾವು ಬ್ಯಾಟರಿ, ಕೇಬಲ್ಲು, ಹೊಗೆಯ ಪ್ರಮಾಣ ಇವುಗಳ ಬಗ್ಗೆ ಬೇಕಾದಷ್ಟು ಬರೆಯುತ್ತೇವೆ. ಬಸ್ಸಿನೊಳಗೆ ಕೂರುವ ಕೈಯೂ ಬದಲಾಗಬೇಕೆಂದು ಯಾವ ಯೋಜನೆಯಲ್ಲೂ ಬರೆದದ್ದನ್ನು ನಾನು ಕಂಡಿಲ್ಲ.

ಕಾರಣ ಸಿಕ್ಕಿತ್ತು. ಅರ್ಧ ಭಾರ ಇಳಿಯಿತು. ಆದರೆ ಶನಿವಾರಕ್ಕೆ ಹೆಚ್ಚು ದಿನಗಳಿರಲಿಲ್ಲ, ಮತ್ತು ಕೈ ಮಾತು ಕೇಳುತ್ತಿರಲಿಲ್ಲ. ಗುಂಡಿಗೆ ಟೇಪು ಸುತ್ತೋಣವೆಂದರೆ ಮ್ಯಾನೇಜರು ಒಪ್ಪಲಿಲ್ಲ. ಬಸ್ಸಿನ ಯಾವ ಭಾಗಕ್ಕೂ ಕೈ ಹಚ್ಚುವಂತಿಲ್ಲ. ಎಚ್ಚರಿಕೆಯ ಗಂಟೆ ಜೋಡಿಸಬೇಕೆಂದರೆ ಕಂಪನಿಗೆ ತಿಂಗಳುಗಟ್ಟಲೆ ಬೇಕು. ನಾನೇ ಪಕ್ಕ ಕೂರುತ್ತೇನೆ ಎಂದಳು ಎಂಜಿನಿಯರ್ ಹುಡುಗಿ. "ನೀವು ಕೂತ್ರೆ ಅವರು ಫೋಟೋಗೆ ನಿಂತ ಹಾಗೆ ಓಡಿಸ್ತಾರೆ. ಕಲಿಯೋದು ಯಾವಾಗ?" ಎಂದು ರೈಟಕ್ಕ ಅದನ್ನು ತಳ್ಳಿಹಾಕಿದಳು.

ಕೊನೆಗೆ ಅವಳೇ ದಾರಿ ಕಂಡುಹಿಡಿದಳು. ಹಳೆಯ ಬಸ್ಸಿನಲ್ಲಿ ಅವಳು "ರೈಟ್" ಎಂದ ಕೂಡಲೇ ಅವನು ಎಲ್ಲಿದ್ದರೂ, ಏನು ಮಾಡುತ್ತಿದ್ದರೂ, ಎರಡೂ ಕೈ ಸ್ಟೇರಿಂಗಿಗೆ ಹೋಗುತ್ತಿದ್ದವು. ಆ ಚಾಳಿಯೂ ಈ ಚಾಳಿಯಷ್ಟೇ ಹಳೆಯದು. ಇದನ್ನು ಅದರಿಂದ ಹೊಡೆಯಬಹುದು. ಉಳಿದ ದಿನಗಳಲ್ಲಿ ಅವಳು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಒಂದು ಸುತ್ತು, ಊಟದ ಬಿಡುವಿನಲ್ಲಿ ಒಂದು ಸುತ್ತು ಬಸ್ಸಿನಲ್ಲಿ ಕೂತು, ಇಳಿಜಾರಿನ ತಲೆಯಲ್ಲಿ "ರೈಟ್, ರೈಟ್!" ಎಂದು ಕೂಗತೊಡಗಿದಳು. ತೊಡೆಯಿಂದ ಮೇಲೇಳುತ್ತಿದ್ದ ಎಡಗೈ ಅರ್ಧದಾರಿಯಲ್ಲೇ ತಿರುಗಿ ಸ್ಟೇರಿಂಗನ್ನು ಹಿಡಿಯುತ್ತಿತ್ತು.

ಬಸ್ಸಿನವರಿಗೆ ಇದು ಸಿಕ್ಕಿದ್ದೇ ಸಾಕಾಯಿತು. ರೈಟಕ್ಕ ಇಲ್ಲದ ಸುತ್ತುಗಳಲ್ಲಿ ತರಕಾರಿ ಚೀಲದ ಹೆಂಗಸು ಕೂಗಿದಳು. ಮರುದಿನ ಶಾಲೆಯ ಮಕ್ಕಳು ಕೂಗಿದರು. ಬಸ್ಸು ನಿಂತ ಸಂಜೆ ಗುಡ್ಡ ಹತ್ತುತ್ತ ಹನಿಯಣ್ಣನನ್ನು ಆಡಿಕೊಂಡವನೂ ಹಿಂದಿನ ಬಾಗಿಲಿನಿಂದ, "ಕೈ ತೆಗಿ ಹನಿಯಣ್ಣಾ, ರೈಟ್!" ಎಂದು ಗಂಟಲು ಹರಿದುಕೊಂಡ. ನಾಲ್ಕು ಜನ ಸೇರಿದ ಕಡೆ ನಾನು ಕೂಗುವವಳಲ್ಲ. ಛತ್ರಿಯ ತುದಿಯಿಂದ ನೆಲಕ್ಕೆ ಒಮ್ಮೆ ಕುಟ್ಟಿದ್ದು ನಿಜ.

"ಇದು ಬಸ್ಸೋ ಭಜನೆ ಮನೆಯೋ?" ಎಂದು ಹನಿಯಣ್ಣ ಗೊಣಗಿದ. ಆದರೆ ಸಂಜೆ ಬ್ಯಾಟರಿ ಸ್ವಲ್ಪ ಸ್ವಲ್ಪ ಉಳಿಯತೊಡಗಿತ್ತು.

ಶನಿವಾರ ಡಿಪೋದವರು ಯಾರೂ ಬಸ್ಸಿನಲ್ಲಿ ಇರಬಾರದೆಂದು ಎಂಜಿನಿಯರ್ ಹುಡುಗಿಯೇ ಹೇಳಿದಳು. ನೋಡುವವರಿದ್ದರೆ ಫಲಿತಾಂಶಕ್ಕೆ ಅರ್ಥವಿಲ್ಲ. ರೈಟಕ್ಕನೂ ಡಿಪೋದವಳೇ, ಅವಳಿಗೂ ಮನೆಯವಳೆಂಬ ರಿಯಾಯಿತಿ ಸಿಗಲಿಲ್ಲ. ಬೆಳಿಗ್ಗೆ ಅವನ ಕೈಗೆ ಊಟದ ಡಬ್ಬಿ ಕೊಟ್ಟು, ತನ್ನ ಕೋಣೆಗೆ ಹೋಗಿ, ಬೇಕಿಲ್ಲದಿದ್ದರೂ ಎಲ್ಲ ಛತ್ರಿಗಳನ್ನೂ ಬಿಚ್ಚಿ ಒರೆಸಿ ಮತ್ತೆ ಮಡಚಿದಳು.

ಹಗಲಿನ ಸುತ್ತುಗಳಿಗೆ ತೊಂದರೆಯಿರಲಿಲ್ಲ. ಇಳಿಜಾರು ಬಂದಾಗಲೆಲ್ಲ ಬಸ್ಸು ತುಂಬ ಜನ ಕೂಗುತ್ತಿದ್ದರು. ಆದರೆ ಕೊನೆಯ ಸುತ್ತಿನಲ್ಲಿ ಎಲ್ಲರೂ ಗುಡ್ಡದ ಮೇಲಿನ ಬೀದಿಗಳಲ್ಲಿ ಇಳಿದು ಮನೆ ಸೇರಿದರು. ಟ್ಯಾಂಕಿನಿಂದ ಡಿಪೋವರೆಗೆ ಇಳಿಯುವಾಗ ಒಳಗೆ ಒಬ್ಬರೂ ಇರಲಿಲ್ಲ. ಪರದೆಯ ಮೇಲಿನ ಪಟ್ಟಿ ಸಣ್ಣದಾಗಿತ್ತು. ಇಳಿಜಾರು ವಾಪಸ್ಸು ಕೊಟ್ಟರೆ ಡಿಪೋ ಸಿಗುತ್ತದೆ, ಕೊಡದಿದ್ದರೆ ಆಸ್ಪತ್ರೆಯ ಮುಂದೆಯೇ ಮತ್ತೆ ಆ ಎಳೆಯುವ ಗಾಡಿಗೆ ಕಾಯಬೇಕು ಎಂಬ ಹಾಗಿತ್ತು.

ಆಮೇಲಿನದನ್ನು ಅವನೇ ಹೇಳಿದ್ದು. ಮೊದಲ ತಿರುವಿನಲ್ಲಿ ಸುತ್ತಲೂ ಸದ್ದೇ ಇರಲಿಲ್ಲ. ಚಕ್ರ ಉರುಳುವುದಷ್ಟೇ ಕೇಳುತ್ತಿತ್ತು. ಎಡಗೈ ತೊಡೆಯಿಂದ ಎದ್ದದ್ದು ಅವನಿಗೆ ಗೊತ್ತಾಯಿತು. ಹಿಂದೆ ಅದು ಎದ್ದದ್ದೇ ಗೊತ್ತಾಗುತ್ತಿರಲಿಲ್ಲ. ಖಾಲಿ ಬಸ್ಸಿನಲ್ಲಿ ಅವನು ಜೋರಾಗಿ, "ರೈಟ್!" ಎಂದ. ಹೆಂಡತಿಯ ದನಿಯನ್ನೇ ಅನುಕರಿಸಿದೆನೆಂದು ಒಪ್ಪಿಕೊಳ್ಳುತ್ತಾನೆ. ಕೈ ಸ್ಟೇರಿಂಗಿಗೆ ಹೋಯಿತು. ಮುಂದಿನ ಇಳಿಜಾರಿನಲ್ಲಿ ಮತ್ತೆ ಕೂಗಿದ. ಅದರ ಮುಂದಿನದರಲ್ಲಿ ಬಾಯಿ ತೆರೆದಿದ್ದನಷ್ಟೇ. ನೋಡಿದರೆ ಕೈ ಆಗಲೇ ಸ್ಟೇರಿಂಗಿನ ಮೇಲಿತ್ತು. ಪಟ್ಟಿ ಹಸಿರಾಗಿ ಏರುತ್ತಿತ್ತು.

ಡಿಪೋದ ಗೇಟಿನಲ್ಲಿ ಪಂಪಿನವನು, ಇಬ್ಬರು ಮೆಕ್ಯಾನಿಕ್ಕುಗಳು, ಎಂಜಿನಿಯರ್ ಹುಡುಗಿ ಕೆಲಸವಿಲ್ಲದವರ ಹಾಗೆ ನಿಂತಿದ್ದರು. ಡೀಸೆಲ್ ಬಸ್ಸಾಗಿದ್ದರೆ ಮಾರುಕಟ್ಟೆಯ ತಿರುವಿನಲ್ಲಿದ್ದಾಗಲೇ ಸದ್ದು ಕೇಳುತ್ತಿತ್ತು. ಇದು ಗೇಟಿನೊಳಗೆ ಬಂದು ನಿಂತ ಮೇಲೆಯೇ ಬಂದದ್ದು ತಿಳಿದದ್ದು. ಮ್ಯಾನೇಜರು ಒಳಗೆ ಹತ್ತಿ ಪರದೆ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

"ಉಳಿದೋರಷ್ಟೇ ಉಳಿಸಿದ್ದೀರಿ. ಒಂದು ಗೆರೆ ಜಾಸ್ತಿನೇ ಇದೆ."

"ಮಲಗಲಿಲ್ಲ ಸಾರ್" ಎಂದ ಹನಿಯಣ್ಣ.

ಮ್ಯಾನೇಜರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ನಾನು ಹಾಗೆ ಕೇಳಬಾರದಿತ್ತು" ಎಂದರು ಆಮೇಲೆ. "ಸೋಮವಾರದಿಂದ ಇದೇ ಲೈನು, ಇದೇ ಬಸ್ಸು. ಹೊಸದಾಗಿ ಬರೋ ಚಾಲಕರಿಗೂ ಸ್ವಲ್ಪ ಈ ಕೈ ವಿಷಯ ಹೇಳಿಕೊಡಿ." ಇಳಿಯುತ್ತ, ತನ್ನ ಕೋಣೆಯಿಂದ ಬಂದು ಬಸ್ಸಿನ ಬಾಗಿಲಲ್ಲಿ ನಿಂತಿದ್ದ ರೈಟಕ್ಕನನ್ನು ನೋಡಿ, ವಿದ್ಯುತ್ ಉಳಿಸಿದವರಿಗೂ ವರ್ಷದ ಕೊನೆಗೆ ಬಹುಮಾನ ಇಡಬೇಕೆಂದಿದ್ದೇವೆ ಎಂದು ಸೇರಿಸಿದರು.

"ಇಡಿ ಸಾರ್. ಗಡಿಯಾರ ಒಂದು ಬಿಟ್ಟು ಏನಾದ್ರೂ ಇಡಿ" ಎಂದಳು ಅವಳು. "ಮನೇಲಿ ಮೊಳೆ ಹೊಡೆಯೋಕೂ ಜಾಗ ಇಲ್ಲ."

ಹೊಸ ಚಾಲಕರಿಗೆ ಅವನು ಈಗ ನಿಜವಾಗಿಯೂ ಕಲಿಸುತ್ತಾನೆ; ಕಟ್ಟುನಿಟ್ಟಿನ ಮೇಷ್ಟ್ರೆಂದು ಹೆಸರಾಗಿದೆ. ಕೈ ಪೂರ್ತಿ ತಿದ್ದಿಕೊಂಡಿದ್ದರೂ ಗುಡ್ಡದ ಬಸ್ಸಿನಲ್ಲಿ ಇಳಿಜಾರು ಬಂದಾಗ ಕೂಗುವುದು ನಿಂತಿಲ್ಲ. ಹೊಸಬರು ಬೆಚ್ಚಿಬಿದ್ದು ಅತ್ತಿತ್ತ ನೋಡುತ್ತಾರೆ. ಯಾರೂ ವಿವರಿಸುವ ಗೋಜಿಗೆ ಹೋಗುವುದಿಲ್ಲ.

ಆ ಶನಿವಾರ ಮ್ಯಾನೇಜರು ಹೋದ ಮೇಲೆ ಹನಿಯಣ್ಣ ಬಸ್ಸಿನ ಮೆಟ್ಟಿಲ ಮೇಲೆ ಕೂತು, ಬೆಳಿಗ್ಗೆಯಿಂದ ಮುಟ್ಟದೆ ಇಟ್ಟಿದ್ದ ಊಟದ ಡಬ್ಬಿಯ ಮುಚ್ಚಳ ತೆಗೆದ.

"ತಣ್ಣಗಾಗಿರುತ್ತೆ, ಬಿಡಿ. ಮನೇಲಿ ಬಿಸಿ ಮಾಡಿಕೊಡ್ತೀನಿ" ಎಂದಳು ರೈಟಕ್ಕ.

"ಪರವಾಗಿಲ್ಲ ಕಣೇ" ಎಂದು ಅವನು ಎಡಗೈಯಲ್ಲಿ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಒಂದು ಅಗುಳನ್ನೂ ಬಿಡದೆ ಅಲ್ಲೇ ತಿಂದು ಮುಗಿಸಿದ.